ಕಿನ್ನೌರ್ ಅಂದರೆ ಸ್ಪಿತಿಗೆ ಹೋಗುವ ದಾರಿ ಅಲ್ಲ

ಬೆಂಗಳೂರಿನ ಟ್ರಾವೆಲ್ ಗುಂಪುಗಳಲ್ಲಿ ಓಡಾಡುವ ‘ಏಳು ದಿನದಲ್ಲಿ ಸ್ಪಿತಿ’ ಪಟ್ಟಿಗಳಲ್ಲಿ, ಹಿಮಾಚಲದ ಆ ಕಣಿವೆಯ ದಾರಿಯಲ್ಲಿ ಸಿಗುವ ಕಿನ್ನೌರ್‌ಗೆ ಸಿಗುವುದು ಹೆಚ್ಚೆಂದರೆ ಎರಡು ರಾತ್ರಿ. ಚಿಟ್ಕುಲ್‌ನಲ್ಲಿ ಒಂದು, ಕಲ್ಪಾದಲ್ಲಿ ಒಂದು, ಬೆಳಿಗ್ಗೆ ಹಿಮಶಿಖರದ ಫೋಟೊ ತೆಗೆದು ನಾಕೋ ದಾಟಿ ಸೀದಾ ಸ್ಪಿತಿಯ ಕಾಜಾ. ದಯವಿಟ್ಟು ಹೀಗೆ ಹೋಗಬೇಡಿ. ಇದರಿಂದ ಒಂದು ಒಳ್ಳೆಯ ಜಿಲ್ಲೆ ಕಣ್ಣಿಗೆ ಬೀಳದೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ರಸ್ತೆಯಲ್ಲಿ ಅವಸರ ಮಾಡುವುದೇ ಅಪಾಯ.

ಕಿನ್ನೌರ್ ಹಿಮಾಚಲದ ಪೂರ್ವದ ಅಂಚು, ಆಚೆಗೆ ಟಿಬೆಟ್. 1960ರಲ್ಲಿ ಜಿಲ್ಲೆಯಾಯಿತು. ವಿಸ್ತೀರ್ಣ 6,401 ಚದರ ಕಿಲೋಮೀಟರ್, 2011ರ ಜನಗಣತಿಯಲ್ಲಿ ಜನ 84,121. ಅಂದರೆ ಕೊಡಗಿನ ಒಂದೂವರೆ ಪಟ್ಟು ನೆಲ, ಕೊಡಗಿನ ಆರನೇ ಒಂದು ಪಾಲೂ ಇಲ್ಲದಷ್ಟು ಜನ. ಜಿಲ್ಲಾ ಕೇಂದ್ರ ರಿಕಾಂಗ್ ಪಿಯೋ ಸುಮಾರು 2,290 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮುನ್ನೂರೈವತ್ತು ಮೀಟರ್ ಮೇಲೆ. ಅಲ್ಲಿಯವರು ಬರೀ ‘ಪಿಯೋ’ ಅನ್ನುತ್ತಾರೆ. ಬ್ಯಾಂಕು, ಎಟಿಎಂ, ಜಿಲ್ಲಾ ಆಸ್ಪತ್ರೆ, ಬಸ್ ನಿಲ್ದಾಣ ಎಲ್ಲ ಅಲ್ಲೇ. ಪೆಟ್ರೋಲನ್ನು ಕೆಳಗೆ ಪೊವಾರಿಯಲ್ಲೇ ತುಂಬಿಸಿಕೊಳ್ಳಿ, ಮುಂದೆ ಸಿಕ್ಕೀತು ಅಂತ ಮುಂದೂಡಬೇಡಿ. ನಗದೂ ಕೈಯಲ್ಲಿರಲಿ, ಮೇಲಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಹೋದರೆ ಯುಪಿಐ ಕೂಡ ಹೋಯಿತು.

ಬೆಂಗಳೂರಿನಿಂದ ಚಂಡೀಗಢಕ್ಕೆ ನೇರ ವಿಮಾನ ಇದೆ. ತೊಂದರೆ ಶುರುವಾಗುವುದೂ ಅಲ್ಲೇ. ಚಂಡೀಗಢ 320 ಮೀಟರ್, ಚಿಟ್ಕುಲ್ 3,450, ನಾಕೋ 3,660. ಬೆಳಿಗ್ಗೆ ವಿಮಾನ ಇಳಿದವರು ಮರುದಿನ ರಾತ್ರಿ ಚಿಟ್ಕುಲ್‌ನಲ್ಲಿ ಮಲಗಿದರೆ ತಲೆನೋವು, ವಾಂತಿ, ನಿದ್ದೆಗೇಡು ಬಂದರೆ ಆಶ್ಚರ್ಯವಿಲ್ಲ. ಮೊದಲ ರಾತ್ರಿ ಶಿಮ್ಲಾ ಅಥವಾ ನಾರ್ಕಂಡಾ, ಎರಡನೆಯದು ಸರಾಹನ್, ಆಮೇಲೆ ಎರಡು ರಾತ್ರಿ ಸಾಂಗ್ಲಾ. ಚಿಟ್ಕುಲ್ ಅನ್ನು ಸಾಂಗ್ಲಾದಿಂದ ಹಗಲಲ್ಲಿ ನೋಡಿ ವಾಪಸ್ ಬನ್ನಿ. ಅಲ್ಲೇ ಉಳಿಯುವ ಆಸೆಯಿದ್ದರೆ ಸಾಂಗ್ಲಾದ ಎರಡು ರಾತ್ರಿಗಳಲ್ಲಿ ಎರಡನೆಯದನ್ನು ಅಲ್ಲಿ ಕಳೆಯಿರಿ. ನಂತರ ಎರಡು ರಾತ್ರಿ ಕಲ್ಪಾ, ಆಮೇಲಷ್ಟೇ ನಾಕೋ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ ಐನೂರು ಮೀಟರ್‌ಗಿಂತ ಹೆಚ್ಚು ಏರಬಾರದು. ತಲೆನೋವಿನ ಜೊತೆ ವಾಂತಿ ಬಂದರೆ, ನಡೆಯುವಾಗ ತೂರಾಡಿದರೆ, ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬಾರದು. ಕೆಳಗಿಳಿಯುವುದೇ ಮದ್ದು. ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಊರಲ್ಲಿರುವಾಗಲೇ ಡಾಕ್ಟರ ಹತ್ತಿರ ಕೇಳಿಕೊಳ್ಳಿ, ಬಿಪಿ ಸಕ್ಕರೆ ಇರುವ ಅಪ್ಪ ಅಮ್ಮನ ಜೊತೆ ಹೊರಟವರಂತೂ ಖಂಡಿತ.

ಈಗ ರಸ್ತೆ. ಶಿಮ್ಲಾದಿಂದ ರಾಂಪುರ, ಜ್ಯೂರಿ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 5 ಸಟ್ಲೆಜ್ ನದಿಯ ಕಮರಿಯೊಳಗೇ ಸಾಗುತ್ತದೆ. ತರಂಡಾದ ಹತ್ತಿರ ಬಂಡೆಯ ಹೊಟ್ಟೆಯನ್ನೇ ಕಡಿದು ದಾರಿ ಮಾಡಿದ್ದಾರೆ. ಚಾಲಕರು ಅಲ್ಲಿಯ ದೇವಿ ಗುಡಿಯ ಮುಂದೆ ನಿಲ್ಲಿಸಿ ಕೈಮುಗಿದೇ ಮುಂದೆ ಹೋಗುತ್ತಾರೆ. ಕಾರಣ ಇಲ್ಲದೆ ಅಲ್ಲ. 2021ರ ಜುಲೈ 25ರಂದು ಸಾಂಗ್ಲಾ ಕಣಿವೆಯ ಬಟ್ಸೇರಿಯಲ್ಲಿ ಬಂಡೆಗಳು ಉರುಳಿ ಒಂಬತ್ತು ಪ್ರವಾಸಿಗರು ಸತ್ತರು. ಎರಡೇ ವಾರ ಕಳೆದು ಆಗಸ್ಟ್ 11ರಂದು ನಿಗುಲ್ಸಾರಿಯಲ್ಲಿ ಗುಡ್ಡ ಕುಸಿದು ಸರ್ಕಾರಿ ಬಸ್ಸು ಸೇರಿ ಹಲವು ವಾಹನಗಳು ಹೂತುಹೋದವು, 28 ಜನ ಹೋದರು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಳಿಜಾರಿನ ಬುಡ ಕಡಿದರೆ ಮೇಲಿನದು ನಿಲ್ಲುವುದಿಲ್ಲ. ಕಿನ್ನೌರ್‌ನಲ್ಲಿ ಇದರ ಜೊತೆಗೆ ಚಳಿಗಾಲದ ಹಿಮವೂ ಸೇರುತ್ತದೆ. ಬಂಡೆಯ ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ. ವರ್ಷವರ್ಷವೂ ಹೀಗಾಗಿ ಕಲ್ಲು ಸಡಿಲವಾಗುತ್ತದೆ. ಮಳೆ ಬಂದರೆ ಬೀಳುತ್ತದೆ, ಮಳೆಯಿಲ್ಲದ ದಿನ ಮಧ್ಯಾಹ್ನದ ಗಾಳಿಗೂ ಬೀಳುತ್ತದೆ.

ಹಾಗಾಗಿ ಬೆಳಿಗ್ಗೆ ಬೇಗ ಹೊರಟು, ಮಧ್ಯಾಹ್ನ ಎರಡು ಮೂರರೊಳಗೆ ತಂಗುವ ಊರು ಸೇರಿಬಿಡಿ. ಹಿಮ ಕರಗಿದ ನೀರು ಮಧ್ಯಾಹ್ನವೇ ಉಕ್ಕುವುದರಿಂದ ರಸ್ತೆಗೆ ಅಡ್ಡ ಹರಿಯುವ ನಾಲಾಗಳನ್ನು ದಾಟಲೂ ಬೆಳಗಿನ ಹೊತ್ತೇ ಒಳ್ಳೆಯದು. ‘ಶೂಟಿಂಗ್ ಸ್ಟೋನ್ಸ್’ (ಕಲ್ಲು ಉರುಳುವ ಜಾಗ) ಬೋರ್ಡ್ ಇದ್ದಲ್ಲಿ ಚಹಾಕ್ಕೂ ನಿಲ್ಲಬೇಡಿ, ಸೆಲ್ಫಿಗೂ ನಿಲ್ಲಬೇಡಿ. ಮುಂದೆ ಸಣ್ಣ ಕಲ್ಲು ಉದುರುತ್ತಿದೆ, ಇಳಿಜಾರಿನಲ್ಲಿ ಧೂಳು ಏಳುತ್ತಿದೆ ಅಂದರೆ ದೊಡ್ಡದು ಹಿಂದೆಯೇ ಇರಬಹುದು. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಒಬ್ಬರು ಇಳಿದು ಮೇಲೆ ನೋಡುತ್ತಿರಬೇಕು. ಸಂಗೀತ ಬಂದ್, ಕಿಟಕಿ ಕೆಳಗೆ, ಕಲ್ಲು ಬರುವುದು ಮೊದಲು ಕಿವಿಗೆ ಗೊತ್ತಾಗುತ್ತದೆ. ರಸ್ತೆ ಬಂದ್ ಆದರೆ ಜೆಸಿಬಿ ಬಂದು ತೆರವು ಮಾಡುವವರೆಗೆ ಗಂಟೆಗಳೂ ಆಗಬಹುದು, ದಿನಗಳೂ ಆಗಬಹುದು. ಅದಕ್ಕೇ ವಾಪಸ್ ವಿಮಾನಕ್ಕೆ ಮುಂಚೆ ಎರಡು ದಿನ ಖಾಲಿ ಬಿಡಿ. ನಾಳೆ ವಿಮಾನ ಇದೆ ಅನ್ನುವ ಒತ್ತಡದಲ್ಲೇ ಜನ ಚಾಲಕನನ್ನು ಕತ್ತಲಲ್ಲಿ, ಮಳೆಯಲ್ಲಿ ಓಡಿಸುತ್ತಾರೆ. ಬೆಟ್ಟದ ರಸ್ತೆ ಗೊತ್ತಿರುವ ಸ್ಥಳೀಯ ಚಾಲಕರನ್ನೇ ಇಟ್ಟುಕೊಳ್ಳಿ. ಅವರು ಬೇಡ ಅಂದ ದಿನ ಹೊರಡಬೇಡಿ.

ಮುಂಗಾರಿನ ಮಳೆ ವಾಂಗ್ಟು ಆಸುಪಾಸಿನವರೆಗೆ ಜೋರಾಗಿ ಬರುತ್ತದೆ, ಮೇಲಿನ ಕಿನ್ನೌರ್ ಮಳೆನೆರಳು. ಜುಲೈನಲ್ಲಿ ನಾಕೋ ಒಣಗಿರುತ್ತದೆ ಅನ್ನುವುದು ನಿಜವೇ. ಆದರೆ ಅಲ್ಲಿಗೆ ಹೋಗಲು ಒದ್ದೆಯಾದ ಕೆಳಗಿನ ಭಾಗವನ್ನು ದಾಟಲೇಬೇಕಲ್ಲ. ಮೇ, ಜೂನ್ ಮೊದಲರ್ಧ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ನನ್ನನ್ನು ಕೇಳಿದರೆ ಅಕ್ಟೋಬರ್. ಆಕಾಶ ತಿಳಿಯಾಗಿರುತ್ತದೆ, ಸೇಬಿನ ಕೊಯ್ಲು ನಡೆಯುತ್ತಿರುತ್ತದೆ. ಲಾರಿಗಳ ಸಾಲು ಇದ್ದೇ ಇರುತ್ತದೆ, ದಾರಿ ಬಿಡಿ. ಅವರ ವರ್ಷದ ದುಡಿಮೆ ಅದರಲ್ಲಿದೆ. ಚಳಿಗಾಲ ಇಲ್ಲಿ ಎಷ್ಟು ಬೇಗ ಬಾಗಿಲು ಹಾಕುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಸಾಕು: ಮೊದಲ ಮಹಾಚುನಾವಣೆಗೆ ದೇಶದ ಹೆಚ್ಚಿನ ಭಾಗ 1952ರ ಆರಂಭದಲ್ಲಿ ಮತ ಹಾಕಿದರೆ, ಹಿಮಕ್ಕೆ ಹೆದರಿ ಇಲ್ಲಿ 1951ರ ಅಕ್ಟೋಬರ್‌ನಲ್ಲೇ ಮತದಾನ ಮುಗಿಸಿದರು. ಕಲ್ಪಾದ ಶ್ಯಾಮ್ ಸರಣ್ ನೇಗಿ ಸ್ವತಂತ್ರ ಭಾರತದ ಮೊದಲ ಮತದಾರ ಎನಿಸಿಕೊಂಡದ್ದು ಹಾಗೆ.

ಇಷ್ಟು ದಿನ ಇಟ್ಟುಕೊಂಡು ನೋಡುವುದೇನು ಅಂದರೆ, ಊರುಗಳನ್ನು. ಸಾಂಗ್ಲಾದ ಮೇಲಿನ ಕಾಮ್ರು ಕೋಟೆಗೆ ಹತ್ತಿ. ಒಳಗೆ ಹೋಗಲು ತಲೆಗೆ ಕಿನ್ನೌರಿ ಟೋಪಿ, ಸೊಂಟಕ್ಕೆ ಪಟ್ಟಿ ಕಟ್ಟಬೇಕು, ಬಾಗಿಲಲ್ಲೇ ಕೊಡುತ್ತಾರೆ. ಹಳ್ಳಿಯ ದೇವತೆಯ ಪಲ್ಲಕ್ಕಿಯನ್ನು ಮುಟ್ಟಬೇಡಿ, ಗುಡಿಯ ಅಂಗಳಕ್ಕೆ ಚರ್ಮದ ಬೆಲ್ಟು ಚಪ್ಪಲಿ ಬೇಡ, ಫೋಟೊಕ್ಕೆ ಮೊದಲು ಕೇಳಿ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಚಿಟ್ಕುಲ್ ಕಡೆ ‘ಓಗ್ಲಾ’ (ಬಕ್‌ವೀಟ್) ಹೊಲಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಅದೂ ಬೆಳೆಯೇ, ಒಳಗೆ ಕಾಲಿಡಬೇಡಿ. ಕನಮ್ ಮಠದಲ್ಲಿ ಹಂಗೇರಿಯ ವಿದ್ವಾಂಸ ಚೋಮಾ ದ ಕೋರೋಶ್ 1827ರಿಂದ ಮೂರು ವರ್ಷ ಕೂತು ಟಿಬೆಟನ್ ಅಭ್ಯಾಸ ಮಾಡಿದ. ಅಲ್ಲಿಗೆ ಪ್ಯಾಕೇಜಿನವರು ಹೋಗುವುದೇ ಇಲ್ಲ.

ಚಿಲ್ಗೋಜಾ ಕೊಳ್ಳುವವರಿಗೆ ಒಂದು ಮಾತು. ಅದು ನೆಟ್ಟು ಬೆಳೆಸಿದ ತೋಟದ ಬೆಳೆ ಅಲ್ಲ, ಕಾಡಿನ ಪೈನ್ ಮರದ ಬೀಜ. ಭಾರತದಲ್ಲಿ ಮುಖ್ಯವಾಗಿ ಕಿನ್ನೌರ್‌ನಲ್ಲೇ ಇದೆ. ಕಾಯಿ ಬಿರಿಯುವ ಮೊದಲೇ ಮರ ಹತ್ತಿ ಉದ್ದ ಕೊಕ್ಕೆಕೋಲಿನಿಂದ ಕೀಳುತ್ತಾರೆ, ರಾಶಿ ಹಾಕಿ ಬಿರಿಸಿ ಒಂದೊಂದೇ ಬೀಜ ಬಿಡಿಸುತ್ತಾರೆ. ಎಲ್ಲವನ್ನೂ ಕಿತ್ತರೆ ನೆಲಕ್ಕೆ ಬೀಳಲು ಬೀಜವೇ ಉಳಿಯದೆ ಹೊಸ ಸಸಿಗಳು ಕಡಿಮೆಯಾಗುತ್ತಿವೆ. ಬೆಲೆ ಯಾಕಿಷ್ಟು ಅಂತ ಚೌಕಾಸಿ ಮಾಡುವ ಮೊದಲು ಇದು ನೆನಪಿರಲಿ. ಕೊಳ್ಳುವುದಾದರೆ ಪಿಯೋ ಬಜಾರಿನಲ್ಲಿ, ಹೊಸ ಫಸಲು ಬಂದಾಗ ಕೊಳ್ಳಿ. ಎಣ್ಣೆಯ ಬೀಜ, ಹಳೆಯದು ಕಮಟುತ್ತದೆ.

ಕೊನೆಗೆ ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ನಾಕೋ, ಕಾಜಾಗೆ ಪರ್ಮಿಟ್ ಬೇಡ, ಆಧಾರ್ ಸಾಕು. 2025ರ ಜೂನ್‌ನಿಂದ ಶಿಪ್ಕಿ ಲಾ ಗಡಿಗೂ ಭಾರತೀಯರನ್ನು ಬಿಡುತ್ತಿದ್ದಾರೆ, ಆಯಾ ದಿನದ ನಿಯಮ ಪಿಯೋದಲ್ಲಿ ವಿಚಾರಿಸಿ. ಆದರೆ ಅಮೆರಿಕ, ಬ್ರಿಟನ್‌ನಿಂದ ಬರುವ ನಮ್ಮವರು ಗಮನಿಸಿ: ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವುದು) ಇದ್ದರೂ ಮೇಲಿನ ಕಿನ್ನೌರ್‌ಗೆ ನಿಮ್ಮದು ವಿದೇಶಿಯರ ಲೆಕ್ಕ, ಪರ್ಮಿಟ್ ಬೇಕು. ಅದು ಪಿಯೋದ ಜಿಲ್ಲಾಡಳಿತ ಕಚೇರಿಯಲ್ಲಿ ಸಿಗುತ್ತದೆ. ಪಾಸ್‌ಪೋರ್ಟ್, ಒಸಿಐ ಎರಡರ ನಕಲು, ಭಾವಚಿತ್ರಗಳನ್ನು ಜೊತೆಗಿಟ್ಟುಕೊಂಡು ಕೆಲಸದ ದಿನವೇ ಪಿಯೋ ತಲುಪುವಂತೆ ನೋಡಿಕೊಳ್ಳಿ. ಭಾನುವಾರ ತಲುಪಿದರೆ ಸೋಮವಾರದವರೆಗೆ ಮುಂದಕ್ಕೆ ಹೋಗಲಾಗುವುದಿಲ್ಲ.