ಫೆಲೋಶಿಪ್ ಎಂಬ ಡಬಲ್ ಬ್ಲೈಂಡ್ ಟ್ರಯಲ್

ಸರ್ಕಾರ ಆರೋಗ್ಯ ಸಂಶೋಧನೆಯ ಕಡೆ ನೋಡುವುದೇ ಇಲ್ಲ ಎಂದು ಗೊಣಗುವವರು ಸ್ವಲ್ಪ ಸುಮ್ಮನಿರಬೇಕು. ದೇಶದ ಅತಿ ದೊಡ್ಡ ಆರೋಗ್ಯ ಪ್ರಯೋಗವನ್ನು ಸರ್ಕಾರವೇ ನಡೆಸುತ್ತಿದೆ. ಅದೂ ಸದ್ದಿಲ್ಲದೆ, ವರ್ಷಾನುಗಟ್ಟಲೆಯಿಂದ. ಚೆನ್ನಾಗಿ ಓದಿದ, ಗಟ್ಟಿಮುಟ್ಟಾದ, ಇಪ್ಪತ್ತೈದು ಮೂವತ್ತರ ಆಸುಪಾಸಿನ ಜೀವವೊಂದು ಸ್ಟೈಪೆಂಡ್ (ಸಂಶೋಧನೆ ಮಾಡುವವರಿಗೆ ಸರ್ಕಾರ ಕೊಡುವ ತಿಂಗಳ ಹಣ) ಇಲ್ಲದೆ ಎಷ್ಟು ತಿಂಗಳು ತಡೆದುಕೊಳ್ಳುತ್ತದೆ ಎನ್ನುವುದೇ ಪ್ರಯೋಗದ ವಿಷಯ. ಇದಕ್ಕೆ ಫೆಲೋಶಿಪ್ ಎಂದು ಹೆಸರಿಟ್ಟಿದ್ದಾರೆ.

ಪ್ರಯೋಗ ಡಬಲ್ ಬ್ಲೈಂಡ್ ಮಾದರಿಯದ್ದು. ಔಷಧ ಪರೀಕ್ಷೆಯಲ್ಲಿ ಯಾರಿಗೆ ನಿಜವಾದ ಗುಳಿಗೆ, ಯಾರಿಗೆ ಹುಸಿ ಗುಳಿಗೆ ಎಂದು ಕೊಡುವವರಿಗೂ ಗೊತ್ತಿರಬಾರದು, ತಗೊಳ್ಳುವವರಿಗೂ ಗೊತ್ತಿರಬಾರದು. ಇಲ್ಲಿ ಆ ನಿಯಮ ಚಾಚೂ ತಪ್ಪಿಲ್ಲ. ದುಡ್ಡು ಯಾವಾಗ ಬರುತ್ತದೆ ಎಂದು ಫೆಲೋ ಕೇಳಿದರೆ ಅಕೌಂಟ್ಸ್ ಸೆಕ್ಷನ್‌ನವರಿಗೆ ಗೊತ್ತಿಲ್ಲ. ಅವರು ದೆಹಲಿಗೆ ಫೋನ್ ಹಚ್ಚಿದರೆ ಅಲ್ಲಿಯವರಿಗೂ ಗೊತ್ತಿಲ್ಲ. ಇಷ್ಟು ಕಟ್ಟುನಿಟ್ಟು ಯಾವ ಔಷಧ ಕಂಪನಿಗೆ ಸಾಧ್ಯ ಹೇಳಿ?

ಡೋಸ್ ಬಗ್ಗೆಯೂ ಎಚ್ಚರ ಇದೆ. ಜೂನಿಯರ್ ರಿಸರ್ಚ್ ಫೆಲೋಗೆ 2014ರಲ್ಲಿ ತಿಂಗಳಿಗೆ 25,000 ರೂಪಾಯಿ ಆಯಿತು. 2019ರಲ್ಲಿ 31,000. 2023ರಲ್ಲಿ 37,000. ತಾನಾಗಿಯೇ ಏರುವ ಪದ್ಧತಿ ಇಲ್ಲ. ಹುಡುಗರು ಲ್ಯಾಬ್ ಬಿಟ್ಟು ಫಲಕ ಹಿಡಿದು ಬೀದಿಗೆ ಬರಬೇಕು, ಕೂಗಬೇಕು, ಆಮೇಲೆ ಸಮಿತಿ ಕೂರಬೇಕು. ರೋಗಿ ಸಾಕಷ್ಟು ನರಳಿದ ಮೇಲೆಯೇ ಡೋಸ್ ಹೆಚ್ಚಿಸುವುದು ಇಲ್ಲಿನ ಚಿಕಿತ್ಸಾ ಕ್ರಮ.

ಪ್ರಯೋಗ ಅಂದ ಮೇಲೆ ಹೋಲಿಸಿ ನೋಡಲು ಒಂದು ಕಂಟ್ರೋಲ್ ಗ್ರೂಪ್ ಬೇಕಲ್ವಾ? ಅದೂ ಇದೆ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬಂದು, ಉತ್ತರ ಕರ್ನಾಟಕದ ಬಗ್ಗೆ ಮರುಗಿ, ಹೋಗುವಾಗ ಕುಂದಾ ಕಟ್ಟಿಸಿಕೊಂಡು ಹೋಗುವ ಗುಂಪು. 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಸದನದಲ್ಲಿ ಭಾರಿ ಗದ್ದಲ ನಡೆದಿತ್ತು. ಆ ಗದ್ದಲದ ನಡುವೆಯೇ ಶಾಸಕರ ತಿಂಗಳ ಸಂಬಳ 40,000ದಿಂದ 80,000 ಆಯಿತು. ಫಲಕ ಇಲ್ಲ, ಸಮಿತಿ ಮುಂದೆ ಕಾಯುವುದಿಲ್ಲ. ಖಜಾನೆ ಬೇರೆ ಬೇರೆ, ಒಪ್ಪೋಣ. ಅದು ರಾಜ್ಯದ್ದು, ಇದು ದೆಹಲಿಯದು. ಆದರೆ ಕಂಟ್ರೋಲ್ ಗ್ರೂಪಿನ ಆರೋಗ್ಯ ಸ್ಥಿರವಾಗಿದೆ ಎನ್ನುವುದನ್ನು ದಾಖಲಿಸಲೇಬೇಕು.

ಇನ್ನು ಪ್ರಯೋಗಕ್ಕೆ ಒಳಗಾದವರ ಕಡೆ ಬರೋಣ. ಬೆಳಗಾವಿಯ ಟಿಳಕವಾಡಿಯ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ. ಪಕ್ಕದಲ್ಲೇ ವ್ಯಾಕ್ಸಿನ್ ಡಿಪೋ ಮೈದಾನ. ಒಂದು ಕಾಲದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ, ಈಗ ಜನ ವಾಕಿಂಗ್ ಮಾಡುತ್ತಾರೆ. ಹುಡುಗಿಯ ಸಂಶೋಧನೆಯ ವಿಷಯ, ಕಬ್ಬು ಕಡಿಯುವವರಿಗೆ ಹಾವು ಕಚ್ಚುವುದು. ಒಳ್ಳೆಯ ವಿಷಯವೇ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹಾವು ಕಡಿತದ ಸಾವು 2030ರ ಹೊತ್ತಿಗೆ ಅರ್ಧಕ್ಕೆ ಇಳಿಯಬೇಕು ಎಂದು ಕೇಂದ್ರವೂ ಗುರಿ ಇಟ್ಟುಕೊಂಡಿದೆ. ಅಥಣಿ, ರಾಯಬಾಗ, ಗೋಕಾಕ ಕಡೆ ಹೊಲದ ಬದಿಗೇ ಗುಡಿಸಲು ಹಾಕಿಕೊಂಡು, ನೆಲದ ಮೇಲೆ ಮಲಗುವ ಗ್ಯಾಂಗ್‌ಗಳನ್ನು ಮಾತಾಡಿಸಬೇಕು. ಕಚ್ಚಿದ್ದು ನಾಗರವೋ, ಕೊಳಕುಮಂಡಲವೋ, ಕಚ್ಚಿದ ಮೇಲೆ ಮೊದಲು ದವಾಖಾನೆಗೆ ಹೋದರೋ ಮಂತ್ರ ಹಾಕಿಸಲು ಹೋದರೋ, ಎಲ್ಲ ಬರೆದುಕೊಳ್ಳಬೇಕು.

ಕಬ್ಬಿನ ಹಂಗಾಮು ಶುರುವಾಗುವುದು ದೀಪಾವಳಿಯ ಆಚೀಚೆ. ಮುಗಿಯುವುದು ಮಾರ್ಚ್ ಹೊತ್ತಿಗೆ. ದುಡ್ಡು ಬರುವುದೂ ಮಾರ್ಚ್ ಕೊನೆಯ ವಾರ! ಅಷ್ಟರಲ್ಲಿ ಕಬ್ಬು ಕಾರ್ಖಾನೆ ಸೇರಿರುತ್ತದೆ, ಗ್ಯಾಂಗ್ ಊರು ಸೇರಿರುತ್ತದೆ, ಹಾವು ಬಿಲ ಸೇರಿರುತ್ತದೆ. ಉಳಿದವಳು ಹುಡುಗಿ ಒಬ್ಬಳೇ. ಮಾರ್ಚ್ 31ರೊಳಗೆ ಆ ದುಡ್ಡನ್ನು ಖರ್ಚು ಮಾಡಿ ತೋರಿಸುವ ಹೊಣೆಯೂ ಅವಳದೇ.

ನಾಲ್ಕು ದಿನದಲ್ಲಿ ಹಾವು ಕಡಿತದ ಸಂಶೋಧನೆಗೆ ಏನು ಖರೀದಿಸಬಹುದು? ಪ್ರಿಂಟರ್ ಕಾರ್ಟ್ರಿಜ್. ರೀಮುಗಟ್ಟಲೆ ಪೇಪರ್. ಬಾಕ್ಸ್ ಫೈಲ್. ಜಿಎಸ್‌ಟಿ ಬಿಲ್ ಕೊಡುವ ಅಂಗಡಿ ಇವನ್ನೇ ಮಾರುತ್ತದೆ. ಜೀಪಿನವನು ಬಿಲ್ ಕೊಡುವುದಿಲ್ಲ, ಹಾಗಾಗಿ ಜೀಪಿನಲ್ಲಿ ರಾಯಬಾಗಕ್ಕೆ ಹೋದದ್ದು ನಡೆದೇ ಇಲ್ಲ. ಆಮೇಲೆ ಬಳಕೆ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಯೂಸಿ. ಫಾರ್ಮ್ ಹೆಸರು ಜಿಎಫ್‌ಆರ್ 12-ಎ. ಇದಕ್ಕೆ ಗೈಡ್ ಸಹಿ, ಫೈನಾನ್ಸ್ ಸಹಿ, ಮುಖ್ಯಸ್ಥರ ಸಹಿ. ಯೂಸಿ ಹೋಗದೆ ಮುಂದಿನ ಕಂತು ಇಲ್ಲ. ಮುಂದಿನ ಕಂತು ಬರುವವರೆಗೆ ಹುಡುಗಿ ಕೈಯಲ್ಲಿ ಆ ಪೇಪರ್ ರೀಮುಗಳು ಮಾತ್ರ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಬಡ್ಡಿಯ ನಿಯಮ. ಅನುದಾನದ ದುಡ್ಡು ಸಂಸ್ಥೆಯ ಖಾತೆಯಲ್ಲಿ ಕೂತು ಬಡ್ಡಿ ಹುಟ್ಟಿಸಿದರೆ ಅದನ್ನು ಸರ್ಕಾರದ ಖಜಾನೆಗೆ ವಾಪಸ್ ಕಟ್ಟಬೇಕು. ಸರಿಯೇ, ಜನರ ದುಡ್ಡು. ಆದರೆ ಅದೇ ದುಡ್ಡು ಏಳೆಂಟು ತಿಂಗಳು ತಡವಾಗಿ ಬಂದು, ಅಷ್ಟರಲ್ಲಿ ಹುಡುಗಿ ಸೊಸೈಟಿಯಲ್ಲಿ ಸಾಲ ಮಾಡಿದ್ದರೆ? ಆ ಬಡ್ಡಿಗೆ ಯಾವ ಫಾರ್ಮೂ ಇಲ್ಲ. 12-ಬಿ ಇರಬಹುದೇ ಎಂದು ನೋಡಿದರೆ ಅದು ಮತ್ತೇನೋ.

ಬೇರೆ ಕೆಲಸ ಮಾಡಿ ನಾಲ್ಕು ಕಾಸು ದುಡಿಯೋಣ ಎಂದರೆ ಅದಕ್ಕೂ ಅಡ್ಡಿ. ಫೆಲೋ ಆದವರು ಬೇರೆಲ್ಲೂ ಸಂಬಳಕ್ಕೆ ದುಡಿಯುವಂತಿಲ್ಲ. ಪ್ರಯೋಗದ ದೃಷ್ಟಿಯಿಂದ ಇದು ಸರಿಯೇ. ಉಪವಾಸದ ಪರಿಣಾಮ ನೋಡುವಾಗ ಪಕ್ಕದ ಮನೆಯಲ್ಲಿ ಗಿರ್ಮಿಟ್ ತಿಂದು ಬಂದರೆ ಫಲಿತಾಂಶ ಕೆಡುತ್ತದೆ.

ಬಾಡಿಗೆ ಕೇಳಲು ಬಂದ ಮನೆ ಮಾಲೀಕರು ಈ ವಿಜ್ಞಾನವನ್ನು ಒಪ್ಪಲಿಲ್ಲ.

"ಯವ್ವಾ, ಹೋದ ತಿಂಗಳದ್ದೂ ಬಂದಿಲ್ಲಲಾ?"

"ಕಾಕೂ, ಸ್ಟೈಪೆಂಡ್ ಬಂದ ಕೂಡ್ಲೆ ಕೊಡ್ತೀನ್ರಿ."

"ಸರಕಾರ ಕೊಡತೈತಿ ಅಂದಿದ್ದೆಲ್ಲ?"

"ಹೌದ್ರಿ ಕಾಕೂ. ಅದಕ್ಕ ಬಂದಿಲ್ರಿ."

ಇದೆಲ್ಲ ಏಕಾಏಕಿ ಶುರುವಾದದ್ದಲ್ಲ. ಮೊದಲು ಎಂಬಿಬಿಎಸ್ ಓದುವ ಮಕ್ಕಳ ಮೇಲೆ ಸಣ್ಣ ಪ್ರಮಾಣದಲ್ಲಿ ನೋಡಿಯಾಗಿದೆ. 1979ರಿಂದ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎರಡು ತಿಂಗಳ ಸ್ಟೂಡೆಂಟ್‌ಶಿಪ್ ಯೋಜನೆ ಇದೆ. ಮಕ್ಕಳಿಗೆ ಸಂಶೋಧನೆಯ ರುಚಿ ಹತ್ತಿಸುವ ಒಳ್ಳೆಯ ಯೋಜನೆ, ತಕರಾರಿಲ್ಲ. ಆದರೆ ಸ್ಟೈಪೆಂಡ್ ಸಿಗುವುದು ಕೆಲಸ ಮುಗಿದು, ವರದಿ ಕಳಿಸಿ, ಅದು ಪಾಸಾದ ಮೇಲೆ. ಮೊದಲು ಗುಣವಾಗು, ಆಮೇಲೆ ಔಷಧಿ ಕೊಡುತ್ತೇವೆ!

ನನಗಿರುವ ಆಕ್ಷೇಪ ಒಂದೇ, ಅದೂ ತಾಂತ್ರಿಕವಾದದ್ದು. ಈ ದೇಶದಲ್ಲಿ ಮನುಷ್ಯರ ಮೇಲೆ ಏನೇ ಸಂಶೋಧನೆ ಮಾಡಿದರೂ ಎಥಿಕ್ಸ್ ಕಮಿಟಿ ಒಪ್ಪಬೇಕು. ಭಾಗವಹಿಸುವವರಿಗೆ ಅವರ ಭಾಷೆಯಲ್ಲೇ ಎಲ್ಲ ತಿಳಿಸಿ ಸಹಿ ಪಡೆಯಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಇದೆಲ್ಲ ವಿವರವಾಗಿದೆ. ಭಾಗವಹಿಸಿದ್ದರಿಂದ ಕೂಲಿ ತಪ್ಪಿದರೆ ಅದನ್ನೂ ತುಂಬಿಕೊಡಬಹುದು. ಹಾಗಾಗಿ ಹುಡುಗಿ ಗುಡಿಸಲ ಮುಂದೆ ಕೂತು ಪ್ರಶ್ನೆ ಕೇಳಿದ ಹೊತ್ತಿಗೆ ಕಬ್ಬು ಕಡಿಯುವವನಿಗೆ ದುಡ್ಡು ಕೊಟ್ಟು ಬಂದಳು, ತನ್ನ ಪರ್ಸಿನಿಂದ. ಉತ್ತರ ಹೇಳಿದವನಿಗೆ ಅವತ್ತೇ ಕೂಲಿ. ಪ್ರಶ್ನೆ ಕೇಳಿದವಳದ್ದು ಪ್ರಕ್ರಿಯೆಯಲ್ಲಿದೆ.

ಆದ್ದರಿಂದ ಫೆಲೋಶಿಪ್‌ಗೂ ಒಂದು ಒಪ್ಪಿಗೆ ಪತ್ರ ಇರಲಿ. ಕರಡು ನಾನೇ ಬರೆದಿದ್ದೇನೆ, ಇಲಾಖೆಯವರು ಪುಕ್ಕಟೆ ಬಳಸಿಕೊಳ್ಳಬಹುದು:

"ನನಗೆ ಪ್ರತಿ ತಿಂಗಳು ಸ್ಟೈಪೆಂಡ್ ಬರುತ್ತದೆ ಎಂದು ಹೇಳಲಾಗಿದ್ದು, ಯಾವ ವರ್ಷದ ತಿಂಗಳು ಎಂದು ನಾನು ಕೇಳಿರುವುದಿಲ್ಲ. ಎರಡು ವರ್ಷವಾದ ಮೇಲೆ ಸಮಿತಿ ಕೂತು ನನ್ನನ್ನು ಸೀನಿಯರ್ ಮಾಡುವುದಾಗಿಯೂ, ಸಮಿತಿ ಕೂರುವವರೆಗೆ ನನಗೆ ವಯಸ್ಸು ಮಾತ್ರ ಆಗುವುದಾಗಿಯೂ ತಿಳಿದುಕೊಂಡಿರುತ್ತೇನೆ. ಪ್ರಯೋಗದ ಅವಧಿಯಲ್ಲಿ ಅಸಿಡಿಟಿ, ನಿದ್ದೆಗೇಡು, ಹಾಗೂ 'ನೌಕರಿ ಹತ್ತಿತೇನು?' ಎಂಬ ಸಂಬಂಧಿಕರ ಪ್ರಶ್ನೆ ಉಂಟಾದಲ್ಲಿ ಅದಕ್ಕೆ ಇಲಾಖೆ ಹೊಣೆಯಲ್ಲ. ಸಾಕ್ಷಿ: ಮನೆ ಮಾಲೀಕರು."

ಮೂರು ಪ್ರತಿ. ಜೊತೆಗೆ ಒಂದು ಕ್ಯಾನ್ಸಲ್ ಮಾಡಿದ ಚೆಕ್ ಲಗತ್ತಿಸಬೇಕು. ಇಡೀ ಯೋಜನೆಯಲ್ಲಿ ಗ್ಯಾರಂಟಿಯಾಗಿ ಕೈ ಬದಲಾಯಿಸುವ ಚೆಕ್ ಅದೊಂದೇ.