ಭತ್ತದ ಮೇಲೆ ಬ್ರೇಕು, ಡ್ಯಾಶ್‌ಬೋರ್ಡಿನ ಹಳದಿ ದೀಪ

ಸಿರುಗುಪ್ಪ, ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಭತ್ತದ ಕೊಯ್ಲು ಮುಗೀತೆಂದರೆ ಅರ್ಧ ರಸ್ತೆ ಕಣ ಆಗುತ್ತದೆ. ಎಡಕ್ಕೆ ಹರವಿದ ಭತ್ತ, ಅದರ ಅಂಚಿಗೆ ಸಾಲಾಗಿ ಕಲ್ಲು, ಬಲಕ್ಕೆ ಡಾಂಬರು. ರೈತರನ್ನು ಬೈಯೋದು ಸುಲಭ, ಒಣಗಿಸೋಕೆ ಅವರಿಗೆ ಬೇರೆ ಜಾಗ ಎಲ್ಲಿದೆ ಅಂತ ಹೇಳೋರು ಕಡಿಮೆ. ಆ ಜಗಳ ಈಗ ಬೇಡ. ಎದುರಿಗೆ ಲಾರಿ ಬಂದಾಗ ಕಾರಿನ ಎಡಗಡೆಯ ಎರಡು ಗಾಲಿ ಕಾಳಿನ ಮೇಲೆ, ಬಲಗಡೆಯ ಎರಡು ಡಾಂಬರಿನ ಮೇಲೆ ಇರುತ್ತವೆ. ಅದೇ ಹೊತ್ತಿಗೆ ಜೋರಾಗಿ ಬ್ರೇಕ್ ಒತ್ತಬೇಕಾದರೆ?

'ಎಬಿಎಸ್ ಐತಲ್ಲ, ಗಪ್ ಅಂತ ನಿಂದರ್ತದ ಬಿಡ್ರಿ' ಅನ್ನೋರು ನಮ್ಮ ಕಡೆ ಬಹಳ. ಎಬಿಎಸ್ ಅಂದರೆ ಆಂಟಿ-ಲಾಕ್ ಬ್ರೇಕಿಂಗ್ ಸಿಸ್ಟಮ್, ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ. ಈ ಮಾತಿಗೇ ನನ್ನ ತಕರಾರು. ಬ್ರೇಕ್ ಪೂರ್ತಿ ಒತ್ತಿದಾಗಲೂ ಸ್ಟೇರಿಂಗ್ ಮಾತು ಕೇಳುವಂತೆ ಇಡೋದು ಎಬಿಎಸ್‌ನ ಮೊದಲ ಕೆಲಸ. ಬೇಗ ನಿಲ್ಲೋದು ರಸ್ತೆ ಚೆನ್ನಾಗಿದ್ದರೆ ಸಿಗುವ ಲಾಭ.

ಗಾಲಿ ಉರುಳುತ್ತಿದ್ದರೆ ಮಾತ್ರ ಗಾಡಿ ತಿರುಗುತ್ತದೆ. ಲಾಕ್ ಆಗಿ ಜಾರತೊಡಗಿದರೆ ಸ್ಟೇರಿಂಗ್ ಎಷ್ಟು ತಿರುವಿದರೂ ಗಾಡಿ ಹೊರಟ ದಿಕ್ಕಿಗೇ ಹೋಗುತ್ತದೆ. ಡಾಂಬರಿನ ಮೇಲೆ ಟೈರಿಗೆ ಅತಿ ಹೆಚ್ಚು ಹಿಡಿತ ಸಿಗೋದು ಗಾಲಿಯ ವೇಗ ಗಾಡಿಯ ವೇಗಕ್ಕಿಂತ ನೂರಕ್ಕೆ 10ರಿಂದ 30ರಷ್ಟು ಕಡಿಮೆ ಇದ್ದಾಗ. ಗಾಲಿಯನ್ನು ಆ ಮಟ್ಟದ ಆಸುಪಾಸಿನಲ್ಲಿ ಹಿಡಿದಿಡೋದೇ ಎಬಿಎಸ್‌ನ ಸಾಹಸ. ನಾಲ್ಕು ಗಾಲಿಯ ಸೆನ್ಸರ್‌ಗಳು ವೇಗ ಹೇಳುತ್ತಲೇ ಇರುತ್ತವೆ. ಒಂದು ಗಾಲಿ ಇದ್ದಕ್ಕಿದ್ದಂತೆ ನಿಧಾನವಾದರೆ ಕಂಟ್ರೋಲ್ ಯೂನಿಟ್ ಆ ಗಾಲಿಗೆ ಬ್ರೇಕ್ ಆಯಿಲ್ ಬಿಡುವ ಒಳವಾಲ್ವ್ ಮುಚ್ಚುತ್ತದೆ, ಒತ್ತಡ ಅಲ್ಲಿಗೇ ನಿಲ್ಲುತ್ತದೆ. ಆದರೂ ಗಾಲಿ ಚೇತರಿಸದಿದ್ದರೆ ಹೊರವಾಲ್ವ್ ತೆರೆದು ಒತ್ತಡ ಇಳಿಸುತ್ತದೆ, ಆ ಬ್ರೇಕ್ ಆಯಿಲನ್ನು ಪಂಪ್ ಹಿಂದಕ್ಕೆ ತಳ್ಳುತ್ತದೆ. ಗಾಲಿ ಮತ್ತೆ ಉರುಳಿದೊಡನೆ ಒಳವಾಲ್ವ್ ತೆರೆದು ಒತ್ತಡ ಏರುತ್ತದೆ. ಇಷ್ಟೂ ಸೆಕೆಂಡಿಗೆ ಹಲವು ಸಲ.

ಪೆಡಲ್ ಕಾಲಿಗೆ ಕಡಕಡ ಅನ್ನೋದು ಇದೇ. ಏನೋ ಮುರೀತು ಅಂದುಕೊಂಡು ಕಾಲು ಎತ್ತುವವರಿದ್ದಾರೆ. ಎಲ್ಲಕ್ಕಿಂತ ದೊಡ್ಡ ತಪ್ಪು ಇದು. ಕಡಕಡ ಅಂದರೆ ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಗೇರ್ ಗಾಡಿಯಾದರೆ ಕ್ಲಚ್ಚನ್ನೂ ಒತ್ತಿ, ಕಣ್ಣು ಖಾಲಿ ಜಾಗದ ಕಡೆ ಇರಲಿ. 'ಬಿಟ್ಟು ಬಿಟ್ಟು ಒತ್ತು' ಅಂತ ಹಳೇ ಡ್ರೈವರ್‌ಗಳು ಕಲಿಸಿದ್ದು ಅಂಬಾಸಿಡರ್, ಜೀಪಿಗೆ ಸರಿ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಇವುಗಳಲ್ಲಿ ಹಾಗೆ ಒತ್ತಿದರೆ ಅದರ ಕೆಲಸ ನೀವೇ ಕೆಡಿಸಿದಂತೆ.

ಈಗ ಭತ್ತಕ್ಕೆ ಬರೋಣ. ಎಡಗಾಲಿಗಳು ಕಾಳಿನ ಮೇಲೆ ಜಾರುತ್ತವೆ, ಎಬಿಎಸ್ ಅಲ್ಲಿ ಒತ್ತಡ ಇಳಿಸುತ್ತದೆ. ಬಲಗಾಲಿಗಳು ಡಾಂಬರು ಕಚ್ಚಿ ಹಿಡಿಯುತ್ತವೆ. ಗಾಡಿ ಎಳೆಯೋದು ಹಿಡಿತ ಇರೋ ಕಡೆಗೆ, ಅಂದರೆ ಬಲಕ್ಕೆ, ಲಾರಿ ಬರೋ ಕಡೆಗೆ. ಇದು ಗೊತ್ತಿದ್ದೇ ಯೂನಿಟ್ ಬಲ ಮುಂಗಾಲಿಗೆ ಒತ್ತಡವನ್ನು ಒಮ್ಮೆಲೇ ಕೊಡದೆ ನಿಧಾನಕ್ಕೆ ಏರಿಸುತ್ತದೆ. ಹಿಂದಿನ ಎರಡು ಗಾಲಿಗೂ ಹಿಡಿತ ಕಡಿಮೆ ಇರುವ ಗಾಲಿಯ ಮಟ್ಟಕ್ಕೇ ಒತ್ತಡ ಕೊಡುತ್ತದೆ. ಪರಿಣಾಮ, ಗಾಡಿ ಗಿರಕಿ ಹೊಡೆಯೋದಿಲ್ಲ, ಆದರೆ ನಿಲ್ಲೋಕೆ ಹೆಚ್ಚು ದೂರ ಬೇಕು. ಡ್ರೈವರ್‌ಗೆ ಉಳಿಯೋದು ಸ್ಟೇರಿಂಗನ್ನು ಎಡಕ್ಕೆ ಚೂರು ಹಿಡಿದು ಸರಿಮಾಡೋ ಕೆಲಸ. ಲೆಕ್ಕ ನೋಡಿ: 80 ಕಿ.ಮೀ. ವೇಗದಲ್ಲಿ ಕಾಲು ಬ್ರೇಕಿಗೆ ಹೋಗೋ ಒಂದು ಸೆಕೆಂಡಿಗೇ 22 ಮೀಟರ್ ಹೋಯಿತು. ಒಳ್ಳೆ ಟೈರು, ಒಣ ಡಾಂಬರು ಇದ್ದರೆ ಬ್ರೇಕಿಗೆ ಇನ್ನೂ 30 ಮೀಟರಿನಷ್ಟು. ಹಿಡಿತ ಅರ್ಧ ಆದರೆ ಆ 30, 60 ಆಗುತ್ತದೆ.

ಸಂಡೂರು ಕಡೆಯ ಸಡಿಲ ಕೆಂಪು ಜಲ್ಲಿ, ಹೊಲದ ದಾರಿಯ ಪುಡಿಮಣ್ಣು ಇವುಗಳ ಮೇಲೆ ಎಬಿಎಸ್ ಇಲ್ಲದ ಗಾಡಿಯೇ ಬೇಗ ನಿಂತೀತು. ಲಾಕ್ ಆದ ಗಾಲಿ ಮುಂದೆ ಮಣ್ಣು ಗುಡ್ಡೆ ಮಾಡಿಕೊಂಡು ನಿಲ್ಲುತ್ತದೆ, ಎಬಿಎಸ್ ಆ ಗುಡ್ಡೆ ಆಗೋಕೆ ಬಿಡೋದಿಲ್ಲ. ಅಂಥ ಕಡೆ ವೇಗ ಇಳಿಸೋದೊಂದೇ ದಾರಿ.

ಇನ್ನು ಡ್ಯಾಶ್‌ಬೋರ್ಡಿನ ಎಬಿಎಸ್ ಹಳದಿ ದೀಪ. ಕೀ ತಿರುವಿದಾಗ ಅದು ಹತ್ತಿ ಕೆಲ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಬ್ರೇಕ್ ಇದೆ, ಎಬಿಎಸ್ ಇಲ್ಲ. ಹ್ಯಾಂಡ್‌ಬ್ರೇಕ್ ಇಳಿಸಿದ್ದರೂ ಕೆಂಪು ಬ್ರೇಕ್ ದೀಪ ಹಳದಿಯ ಜೊತೆ ಉರಿಯುತ್ತಿದ್ದರೆ ಬ್ರೇಕ್ ಆಯಿಲ್ ಕಡಿಮೆ ಇರಬಹುದು, ಇಲ್ಲವೇ ಹಿಂದಿನ ಗಾಲಿಯ ಒತ್ತಡ ಹಂಚುವ ಇಬಿಡಿಯೂ ಹೋಗಿರಬಹುದು. ಆಗ ಹಿಂಗಾಲಿ ಮೊದಲು ಲಾಕ್ ಆಗಿ ಗಾಡಿ ಗಿರಕಿ ಹೊಡೆದೀತು. ಮುಂದೆ ಓಡಿಸಬೇಡಿ. ಸೆಕೆಂಡ್‌ಹ್ಯಾಂಡ್ ಗಾಡಿ ನೋಡುವಾಗ ಕೀ ತಿರುವಿದರೂ ಹಳದಿ ದೀಪ ಹತ್ತಲೇ ಇಲ್ಲವೆಂದರೆ, ಉರಿಯುತ್ತಲೇ ಇರುವ ಗಾಡಿಗಿಂತ ಅದನ್ನು ಹೆಚ್ಚು ಅನುಮಾನಿಸಿ. ದೀಪವನ್ನೇ ಕೊಂದು ಮಾರೋರಿದ್ದಾರೆ.

ದೀಪ ಹತ್ತಿದ ಕೂಡಲೇ 'ಎಬಿಎಸ್ ಯೂನಿಟ್ ಹೋಗೇತ್ರಿ' ಅನ್ನೋ ಗ್ಯಾರೇಜನ್ನು ನಂಬಬೇಡಿ. ಬಹಳ ಸಲ ಕೆಟ್ಟಿರೋದು ಗಾಲಿಯ ಸೆನ್ಸರ್ ಇಲ್ಲವೇ ಅದರ ವೈರು. ಇಂಜಿನ್ನಿನ ದೋಷದ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಇಲ್ಲಿ ನಡೆಯೋದಿಲ್ಲ, ಎಬಿಎಸ್ ಓದುವಂಥದ್ದು ಬೇಕು. ಯಾವ ಗಾಲಿ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಅದಿರಿನ ಕೆಂಪು ಧೂಳು ಸೆನ್ಸರ್‌ಗೆ ಅಂಟಿ ಕೆಡುತ್ತದೆ ಅನ್ನೋದು ಪೂರ್ತಿ ನಿಜವಲ್ಲ. ನಮ್ಮ ಅದಿರು ಹೆಚ್ಚಾಗಿ ಹೆಮಟೈಟ್, ಸೆನ್ಸರ್ ಬಳಿಯ ಆಯಸ್ಕಾಂತ ಅದನ್ನು ಅಷ್ಟಾಗಿ ಹಿಡಿಯೋದಿಲ್ಲ. ಅಂಟೋದು ಡಿಸ್ಕ್, ಬೇರಿಂಗ್ ಸವೆದ ಕಬ್ಬಿಣದ ಪುಡಿ ಮತ್ತು ತುಕ್ಕಿನ ಚಕ್ಕೆ. ಎರೆಮಣ್ಣಿನ ಕೆಸರು ಒಣಗಿ ಕಲ್ಲಾಗಿ ವೈರನ್ನು ಜಗ್ಗುತ್ತದೆ, ಇಲಿ ಕಡಿಯುತ್ತದೆ.

ಸೆನ್ಸರ್ ಸಾಮಾನ್ಯವಾಗಿ ಒಂದೇ ಬೋಲ್ಟಿನಲ್ಲಿ ಕೂತಿರುತ್ತದೆ. ತುಕ್ಕು ಹಿಡಿದಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಪ್ಲಾಸ್ಟಿಕ್ ಮುರಿಯುತ್ತದೆ. ತುಕ್ಕು ಬಿಡಿಸೋ ಎಣ್ಣೆ ಬಿಟ್ಟು, ಹೊತ್ತು ಕಾದು, ಅತ್ತಿತ್ತ ತಿರುವುತ್ತಾ ತೆಗೆಯಿರಿ. ತುದಿ ಒರೆಸಿ, ಅದು ಕೂರುವ ಜಾಗದ ತುಕ್ಕನ್ನೂ ಕೆರೆದು ತೆಗೆಯಿರಿ. ಅಲ್ಲಿ ತುಕ್ಕು ಉಬ್ಬಿದರೆ ಸೆನ್ಸರ್ ಮೇಲೆದ್ದು, ಅದಕ್ಕೂ ಗಾಲಿಯ ಜೊತೆ ತಿರುಗುವ, ಅದು ಓದುವ ಹಲ್ಲಿನ ರಿಂಗಿಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಇರಬೇಕಾದ ಸಂದು ದೊಡ್ಡದಾಗುತ್ತದೆ. ಒಣ ರಸ್ತೆಯಲ್ಲಿ ಮೆಲ್ಲಗೆ ನಿಲ್ಲಿಸುವಾಗ, ಹತ್ತು ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ, ದೀಪ ಹತ್ತದೆ ಪೆಡಲ್ ಕಡಕಡ ಅಂದರೆ ಮೊದಲು ಈ ಸಂದನ್ನೂ, ಹಲ್ಲಿನ ರಿಂಗ್ ಸೀಳಿದೆಯೇ ಅಂತಲೂ ನೋಡಿ.

ಬೇರಿಂಗ್ ಬದಲಿಸಿದ ಮಾರನೇ ದಿನವೇ ದೀಪ ಹತ್ತಿತೇ? ಈಗಿನ ಹಲವು ಬೇರಿಂಗ್‌ಗಳ ಒಂದು ಮುಖದಲ್ಲಿ ಕಂದುಗಪ್ಪು ರಬ್ಬರ್ ರಿಂಗ್ ಇರುತ್ತದೆ. ನೋಡೋಕೆ ಬರೀ ಆಯಿಲ್ ಸೀಲ್, ಒಳಗೆ ಸುತ್ತಲೂ ಆಯಸ್ಕಾಂತದ ಉತ್ತರ-ದಕ್ಷಿಣ ಧ್ರುವಗಳ ಸಾಲು, ಹಲ್ಲಿನ ರಿಂಗಿನ ಬದಲು ಸೆನ್ಸರ್ ಓದೋದು ಇದನ್ನೇ. ಆ ಮುಖ ಸೆನ್ಸರ್ ಕಡೆಗೇ ಕೂರಬೇಕು. ತಿರುವಿ ಪ್ರೆಸ್ ಮಾಡಿದರೆ ಗಾಲಿ ಚೆನ್ನಾಗೇ ತಿರುಗುತ್ತದೆ, ಸೆನ್ಸರ್‌ಗೆ ಮಾತ್ರ ಏನೂ ಕಾಣೋದಿಲ್ಲ. ಒಂದು ಪೇಪರ್ ಕ್ಲಿಪ್ ಹಿಡಿದು ನೋಡಿ, ಅದು ಅಂಟುವ ಮುಖವೇ ಆ ರಿಂಗ್ ಇರುವ ಮುಖ. ಸ್ಪೀಕರ್ ಆಯಸ್ಕಾಂತ ಮಾತ್ರ ಹತ್ತಿರ ತರಬೇಡಿ, ಧ್ರುವಗಳೇ ಅಳಿಸಿ ಹೋಗುತ್ತವೆ.

ಕೊನೆಗೆ ಬ್ರೇಕ್ ಆಯಿಲ್, ಯಾರೂ ಕೇಳದ ಬಡಪಾಯಿ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಗಾಳಿಯ ತೇವವನ್ನು ಅದು ತಾನಾಗೇ ಹೀರುತ್ತದೆ. ಆ ನೀರು ಯೂನಿಟ್ಟಿನ ಸಣ್ಣ ವಾಲ್ವ್‌ಗಳಿಗೂ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯದ್ದು ಹಾಕಿಸಬೇಡಿ. ಬದಲಿಸುವಾಗ ಗಾಡಿಯಲ್ಲಿರುವ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗಲು ಬಿಟ್ಟರೆ ಗಾಳಿ ಯೂನಿಟ್ ಒಳಗೆ ಹೋಗಿ ಕೂರುತ್ತದೆ. ಆಮೇಲೆ ನಾಲ್ಕು ಗಾಲಿಯನ್ನೂ ಎಷ್ಟು ಸಲ ಬ್ಲೀಡ್ ಮಾಡಿ ಗಾಳಿ ಹೊರಬಿಟ್ಟರೂ ಪೆಡಲ್ ಮೆತ್ತಗೇ ಇರುತ್ತದೆ. ಸ್ಕ್ಯಾನರಿನಿಂದ ಎಬಿಎಸ್ ಪಂಪ್ ಓಡಿಸಿಯೇ ಆ ಗಾಳಿ ತೆಗೆಯಬೇಕಾಗುತ್ತದೆ.