ಬೋರ್ಡು ತಿರುಗಿಸಿದರೆ ವಿಶ್ವವಿದ್ಯಾಲಯ

ಹಳೇ ಕೆಂಪು ಬಸ್ಸುಗಳ ಮುಂದೆ ಒಂದು ತಗಡಿನ ಬೋರ್ಡ್ ಇರುತ್ತಿತ್ತು, ನೆನಪಿದೆಯಾ? ಒಂದು ಕಡೆ ‘ಮಡಿಕೇರಿ’, ಇನ್ನೊಂದು ಕಡೆ ‘ಮಂಗಳೂರು’. ಕಂಡಕ್ಟರ್ ಇಳಿದು ಬೋರ್ಡನ್ನು ತಿರುಗಿಸಿ ಸಿಕ್ಕಿಸಿದರೆ ಮುಗೀತು. ಅದೇ ಬಸ್ಸು, ಅದೇ ಡ್ರೈವರ್, ಅದೇ ಹರಿದ ಸೀಟು. ಊರು ಮಾತ್ರ ಬೇರೆ.

ಕೊಡಗು ವಿಶ್ವವಿದ್ಯಾಲಯ ಹುಟ್ಟಿದ್ದೂ ಹೆಚ್ಚುಕಡಿಮೆ ಹೀಗೇ. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿವಿಯ ಸ್ನಾತಕೋತ್ತರ ಕೇಂದ್ರ ಇತ್ತು. 2023ರ ಮಾರ್ಚ್‌ನಲ್ಲಿ ಅದರ ಬೋರ್ಡ್ ತಿರುಗಿತು. ಜೊತೆಗೆ ಬೀದರ್, ಹಾವೇರಿ, ಹಾಸನ, ಚಾಮರಾಜನಗರ, ಕೊಪ್ಪಳ, ಬಾಗಲಕೋಟೆ. ಒಂದೇ ಹೆರಿಗೆಯಲ್ಲಿ ಏಳು ಮಕ್ಕಳು! ಅದೇ ತಿಂಗಳ 29ಕ್ಕೆ ವಿಧಾನಸಭೆ ಚುನಾವಣೆಯ ದಿನಾಂಕವೂ ಬಂತು. ಕಾಕತಾಳೀಯ. ಯಾರೂ ನಗಬಾರದು.

ಇವು ಹೊಸ ಕಾಲದ ವಿವಿಗಳು ಎಂದಿತು ಹೆತ್ತ ಆಗಿನ ಸರ್ಕಾರ. ನೂರಾರು ಎಕರೆ ಜಾಗ ಬೇಡ, ದೊಡ್ಡ ಕಟ್ಟಡ ಬೇಡ, ಜಾಸ್ತಿ ಸಿಬ್ಬಂದಿ ಬೇಡ. ತಂತ್ರಜ್ಞಾನ ಇದೆಯಲ್ಲ! ತಲಾ 2 ಕೋಟಿ ಸಾಕು. ಕೊಡಗಿನಲ್ಲಿ ಆ ದುಡ್ಡಿಗೆ ನೆಟ್ಟಗೆ ಒಂದು ರೆಸಾರ್ಟ್ ಕೂಡ ಏಳುವುದಿಲ್ಲ. ಇನ್ನು ತಂತ್ರಜ್ಞಾನ. ಆಷಾಢದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಹೋಗುತ್ತದೆ, ಹಿಂದೆಯೇ ಮೊಬೈಲ್ ಟವರ್ ಕಣ್ಣು ಮುಚ್ಚುತ್ತದೆ. ಆಮೇಲೆ ಗುಡ್ಡ ಹತ್ತಿ, ಕೈ ಮೇಲೆತ್ತಿ ಸಿಗ್ನಲ್ ಹುಡುಕುವ ಊರು ನಮ್ಮದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಇಲ್ಲಿ ಕೂಸು ಹುಟ್ಟಿದ ಮೇಲೂ ಇದ್ದದ್ದು ಕುಲಾವಿ ಒಂದೇ.

2025ರ ಫೆಬ್ರುವರಿಯಲ್ಲಿ ಹೊಸ ಸರ್ಕಾರದ ಸಂಪುಟ ಉಪಸಮಿತಿ ಕೂತು ನೋಡಿತು. ಉಪ ಮುಖ್ಯಮಂತ್ರಿಗಳೇ ಅಧ್ಯಕ್ಷರು. ನೋಡಿದರೆ ಏನಿದೆ? ಜಾಗ ಸಾಲದು, ಕಟ್ಟಡ ಸಾಲದು, ಸಿಬ್ಬಂದಿ ಇಲ್ಲ, ದುಡ್ಡು ಇಲ್ಲ. ಕೊಡಗು ಮತ್ತು ಈಚೆಗೆ ಹುಟ್ಟಿದ ಬೇರೆ ವಿವಿಗಳು ಸೇರಿ ಒಂಬತ್ತನ್ನು ಮುಚ್ಚಿ, ಹಳೇ ವಿವಿಗಳಲ್ಲೇ ವಿಲೀನ ಮಾಡುವುದು ವಾಸಿ ಎಂದಿತು. ಏನೂ ಬೇಡ ಎಂಬುದು ಒಂದು ಸರ್ಕಾರಕ್ಕೆ ಹೆಮ್ಮೆ, ಏನೂ ಇಲ್ಲ ಎಂಬುದು ಇನ್ನೊಂದು ಸರ್ಕಾರಕ್ಕೆ ಕಾರಣ. ಹಾಲು ಕೊಡದವರು ಒಬ್ಬರು. ‘ಮಗು ಬಡಕಲಾಗಿದೆ, ಅಜ್ಜಿ ಮನೆಗೆ ಕಳಿಸಿ’ ಎಂದವರು ಇನ್ನೊಬ್ಬರು. ಆ ಅಜ್ಜಿಯ ಮನೆಯಲ್ಲಿ ಹಾಲು ಉಕ್ಕಿ ಹರಿಯುತ್ತಿದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ವಿದ್ಯಾರ್ಥಿಗಳೇ ಕಮ್ಮಿ ಎಂಬ ಗೊಣಗಾಟವೂ ಉಂಟು. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನ 5.54 ಲಕ್ಷ. ಬೆಂಗಳೂರಿನ ಒಂದೆರಡು ಕ್ಷೇತ್ರಗಳಲ್ಲೇ ಅಷ್ಟು ಜನ ಸಿಗುತ್ತಾರೆ. ಬೆಟ್ಟದಲ್ಲಿ ಮನೆ ವಿರಳ ಎಂದು ತಿಳಿಯಲು ಇಷ್ಟು ಫೈಲು ಬೇಕಿತ್ತಾ? ಇನ್ನೊಂದು ತಮಾಷೆ ಕೇಳಿ. ಬೆಟ್ಟದ ಜಿಲ್ಲೆಯ ಈ ವಿವಿ ಇರುವುದು ಜಿಲ್ಲೆಯ ಬಯಲು ಅಂಚಿನಲ್ಲಿ. ಜಿಲ್ಲೆಯ ದಕ್ಷಿಣ ತುದಿಯ ಕುಟ್ಟದ ಹುಡುಗ ಇಲ್ಲಿಗೆ ಬರಬೇಕಾದರೂ ಅರ್ಧ ದಿನ ಬಸ್ಸಿನಲ್ಲೇ. ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ ಬಿಡಿ.

ಆದರೂ ಅರ್ಧ ದಿನ ವಾಸಿ. 1980ರಿಂದ ಈ ಬೋರ್ಡ್ ತಿರುಗುವವರೆಗೂ ಕೊಡಗಿನ ಕಾಲೇಜುಗಳ ದೊಡ್ಡಮನೆ ಮಂಗಳೂರಿನ ಪಕ್ಕದ ಕೊಣಾಜೆಯಲ್ಲಿರುವ ಮಂಗಳೂರು ವಿವಿ ಆಗಿತ್ತು. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಒಂದು ಒತ್ತಕ್ಷರ ತಪ್ಪಿದರೆ, ಅದನ್ನು ಸರಿ ಮಾಡಿಸಲು ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ ಹೋಗಬೇಕಿತ್ತು. ಕೌಂಟರ್ ತಲುಪುವಾಗ ಊಟದ ಹೊತ್ತು. ಊಟದ ನಂತರ ಸಂಬಂಧಪಟ್ಟವರು ರಜೆ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ವಾರಗಟ್ಟಲೆ ಬಂದ್ ಆಗಿತ್ತು. ಒತ್ತಕ್ಷರ ಒಂದು ಕಡೆ, ಅಪ್ಪ ಒಂದು ಕಡೆ. ಹೀಗಾಗಿ ಜಿಲ್ಲೆಗೊಂದು ವಿವಿ ಬೇಕು ಎಂದವರು ಶೋಕಿಗೆ ಕೇಳಿದ್ದಲ್ಲ. ಕೇಳಿದ್ದು ವಿವಿ, ಸಿಕ್ಕಿದ್ದು ಬೋರ್ಡ್.

ಅತಿಥಿ ಉಪನ್ಯಾಸಕರ ಬಗ್ಗೆ ಹೇಳದಿದ್ದರೆ ಪಾಪ ಬಂದೀತು. ಕೊಡಗಿನ ಹೋಂಸ್ಟೇಯಲ್ಲಿ ಅತಿಥಿ ಎಂದರೆ ಎರಡು ದಿನ ಇದ್ದು, ಪಂದಿಕರಿ ತಿಂದು, ದುಡ್ಡು ಕೊಟ್ಟು ಹೋಗುವವರು. ನಮ್ಮ ಉನ್ನತ ಶಿಕ್ಷಣದಲ್ಲಿ ಅತಿಥಿ ಎಂದರೆ ಹತ್ತಾರು ವರ್ಷ ಇದ್ದು, ದುಡ್ಡಿಗಾಗಿ ಕಾಯುವವರು. ಮನೆಯವರ ಹುದ್ದೆ ಖಾಲಿ, ಅತಿಥಿಗಳೇ ಅಡುಗೆ ಮಾಡಿ ಬಡಿಸುತ್ತಿದ್ದಾರೆ.

ಸರಿ, ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಮಡಿಕೇರಿಯಲ್ಲಿ ಡಿಗ್ರಿ ಮುಗಿಸಿದಾಗ ಸರ್ಟಿಫಿಕೇಟ್ ಮೇಲೆ ಮಂಗಳೂರು ವಿವಿ. ಚಿಕ್ಕ ಅಳುವಾರದಲ್ಲಿ ಎಂಎ ಸೇರಿದಾಗ ಕೊಡಗು ವಿವಿ. ನಾಳೆ ವಿಲೀನವಾದರೆ ಅವಳು ಮತ್ತೆ ಮಂಗಳೂರಿನವಳು. ಇಷ್ಟರಲ್ಲಿ ಅವಳು ಮನೆಯಿಂದ ಬಸ್‌ಸ್ಟ್ಯಾಂಡು, ಬಸ್‌ಸ್ಟ್ಯಾಂಡಿನಿಂದ ಕ್ಲಾಸು ಬಿಟ್ಟು ಎಲ್ಲಿಗೂ ಹೋಗಿಲ್ಲ. ಓಡಾಡಿದ್ದು ವಿಶ್ವವಿದ್ಯಾಲಯ. ವಿವಿ ಬದಲಾಯಿತೆಂದು ಮೈಗ್ರೇಷನ್ ಸರ್ಟಿಫಿಕೇಟ್ ತರಬೇಕಾದವಳು ಮಾತ್ರ ಇವಳು.

ಕೌಂಟರಿನ ಹಿಂದಿನಿಂದ ತಲೆ ಎತ್ತದೆ ಕೇಳುತ್ತಾರೆ, “ಏನಮ್ಮಾ, ಎಲ್ಲಿಂದ ಎಲ್ಲಿಗೆ ಹೋಗ್ತಾ ಇದ್ದೀಯ?”

“ಇಲ್ಲಿಂದ ಇಲ್ಲಿಗೆ, ಸರ್.”

“ಹಾಗೆಲ್ಲ ಬರಿಯೋಕೆ ಆಗಲ್ಲಮ್ಮ. ಎರಡು ಊರಿನ ಹೆಸರು ಹೇಳು.”